ಕೆಟ್ಟ ಗಾಳಿಯ ಪಕ್ಷ

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎಂಬ ನಿರ್ಣಯವನ್ನು ಯಾವ ಸಭೆಯಲ್ಲಿ ಮಂಡಿಸಿದರೂ ನಾನು ಎದುರು ಪಕ್ಷದಲ್ಲಿ ನಿಲ್ಲುತ್ತೇನೆ. ಹೊಗಳಿಕೆ ಸತ್ತವರಿಗೆ ಕೇಳಿಸುವುದಿಲ್ಲ, ಹೊಗಳುವವನಿಗೆ ಮಾತ್ರ ಕೇಳಿಸುತ್ತದೆ. ನನ್ನ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಗೋಣಿಕೊಪ್ಪಲಿನ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಸಂತಾಪ ಸಭೆ ಗೊತ್ತುಮಾಡಿ, "ನೀನೇ ಮಾತಾಡ್ಬೇಕು ಮಾರಾಯ, ಅವರ ಕೈಯಲ್ಲಿ ತಯಾರಾದ ಮಾತುಗಾರ ನೀನು" ಎಂದು ಹಿಡಿದುಕೊಂಡರು. ಆಗುವುದಿಲ್ಲ ಎಂದೆ. ಮಾತಾಡಿದ್ದರೆ ಚೆನ್ನಾಗಿಯೇ ಮಾತಾಡಿಬಿಡುತ್ತಿದ್ದೆ, ಅದೇ ನನ್ನ ಭಯ. ಚೆನ್ನಾಗಿ ಮಾತಾಡುವುದರ ಮೇಲೆ ನನಗಿದ್ದ ನಂಬಿಕೆ ಹೋದದ್ದು ಆ ಮನುಷ್ಯನ ಮನೆಯ ಜಗಲಿಯ ಮೇಲೆ. ಆದ್ದರಿಂದ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಬಲ್ಲವರಿಗೆ ಗೊತ್ತಾಗುತ್ತದೆ, ಅರಿಯದವರಿಗೆ ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಮೇಷ್ಟ್ರು ಉತ್ತರ ಕೊಡಗಿನವರು. ಸೋಮವಾರಪೇಟೆಯಿಂದಾಚೆ, ಹಾಸನದ ಗಡಿಯ ಹತ್ತಿರದ ಊರು, ಏಲಕ್ಕಿ ವ್ಯಾಪಾರದ ಶೈವರ ಮನೆತನ. ಹಣೆಗೆ ವಿಭೂತಿ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕರಿ ಕೋಟು, ಕೋಟಿನ ಜೇಬಿನಲ್ಲಿ ನಸ್ಯದ ಡಬ್ಬಿ. ನಮ್ಮ ತರಗತಿಯಲ್ಲಿ ಬೆಂಚಿಗೊಂದು ಭಾಷೆ. ಕೊಡವರು, ಅರೆಭಾಷೆಯವರು, ಮಲಯಾಳದವರು, ಸಂತೆಬೀದಿಯ ಸಾಹೇಬರ ಮಕ್ಕಳು. ನಮ್ಮೆಲ್ಲರ ಕನ್ನಡವನ್ನೂ ಅವರು ಭೇದವಿಲ್ಲದೆ ಹೀಯಾಳಿಸುತ್ತಿದ್ದರು. ನಾವು ಬಿಡುತ್ತಿದ್ದೆವೇ? ಮೇಷ್ಟ್ರ ಕನ್ನಡ ಹಾಸನದಿಂದ ಎತ್ತಿನ ಗಾಡಿಯಲ್ಲಿ ಬರುತ್ತದೆ, ಅದಕ್ಕೇ ಅಷ್ಟು ನಿಧಾನ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ನಾನು ಪಾಲಿಬೆಟ್ಟದ ಎಸ್ಟೇಟ್ ರೈಟರ ಮಗ. "ನಿಮ್ಮಪ್ಪ ಕೂಲಿಯವರ ಹಾಜರಿ ಬರೀತಾರೆ, ನೀನು ನನ್ನ ತಪ್ಪಿನ ಹಾಜರಿ ಬರೀತೀಯ" ಎನ್ನುತ್ತಿದ್ದರು. ಬೈಗುಳದಂತೆ ಹೇಳಿದರೂ ಹೇಳುವಾಗ ಅವರ ಮುಖದಲ್ಲಿ ಸಂತೋಷವೇ ಇರುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಚರ್ಚಾಕೂಟ. ಅದರಲ್ಲಿ ಅವರದೊಂದು ಕ್ರಮವಿತ್ತು. ನೀವು ಒಂದು ಪಕ್ಷ ಹಿಡಿದು ವಾದಿಸುತ್ತ, ಇನ್ನೇನು ಗೆದ್ದೆ ಎನ್ನುವ ಹೊತ್ತಿಗೆ ನಸ್ಯದ ಡಬ್ಬಿಯಿಂದ ಮೇಜಿನ ಮೇಲೆ ಟಕ್ ಎಂದು ಕುಟ್ಟುತ್ತಿದ್ದರು. ಆ ಕ್ಷಣದಿಂದ ನೀವು ಎದುರು ಪಕ್ಷದವರು. ಅದುವರೆಗೆ ಕಟ್ಟಿದ್ದನ್ನೆಲ್ಲ ನೀವೇ ಕೆಡವಬೇಕು. ಕೆಲವರು ತಡವರಿಸುತ್ತಿದ್ದರು, ಕೆಲವರು ಅಳುತ್ತಿದ್ದರು. ನನಗೆ ಮಾತ್ರ ಅದು ಜಾತ್ರೆಯ ಉಯ್ಯಾಲೆಯಂತೆ ಹಿಡಿಸಿತ್ತು. "ವಾದ ಮಾಡೋನಿಗೆ ಎರಡು ಕೈ ಇರಬೇಕು. ಒಂದೇ ಕೈಯವನು ಪುರೋಹಿತ ಆಗ್ತಾನೆ" ಎನ್ನುತ್ತಿದ್ದರು.

ಗೋಣಿಕೊಪ್ಪಲಿನ ಸಂತೆಯಲ್ಲಿ ಅವರನ್ನು ನೋಡಬೇಕಿತ್ತು. ಬಾಳೆಹಣ್ಣಿನವನ ಮುಂದೆ ನಿಂತು, ಅವನು ಹೇಳಿದ ಬೆಲೆ ಏಕೆ ಅನ್ಯಾಯದ್ದು ಎಂದು ಮಳೆ, ಗಾಡಿ ಬಾಡಿಗೆ, ಹಣ್ಣಿನ ತೂಕ ಎಲ್ಲವನ್ನೂ ಎತ್ತಿ ತೋರಿಸಿ ಅವನ ಬಾಯಿ ಮುಚ್ಚಿಸುತ್ತಿದ್ದರು. ಸುತ್ತ ಜನ ಸೇರುತ್ತಿತ್ತು. ಅವನು ಸೋತು, "ಆಯ್ತು ಸ್ವಾಮಿ, ನೀವು ಹೇಳಿದಷ್ಟೇ ಕೊಡಿ" ಎಂದಾಗ ಇವರು ಅವನು ಮೊದಲು ಕೇಳಿದ ಬೆಲೆಯನ್ನೇ ಕೊಟ್ಟು ಚೀಲ ಎತ್ತಿಕೊಳ್ಳುತ್ತಿದ್ದರು. ಒಮ್ಮೆ ನಾನು ಕೇಳಿಯೇಬಿಟ್ಟೆ. "ನಾನು ಬೆಲೆಗೋಸ್ಕರ ವಾದ ಮಾಡ್ಲಿಲ್ಲವಲ್ಲಯ್ಯಾ" ಅಂದರು. ಆಗ ನಮಗೆಲ್ಲ ಇದು ದೊಡ್ಡತನವಾಗಿ ಕಂಡಿತ್ತು. ಗೆದ್ದ ಮೇಲೂ ಗೆಲುವನ್ನು ಬಳಸದ ಮನುಷ್ಯ ಎಂದು ಹಾಸ್ಟೆಲಿನಲ್ಲಿ ಹೊಗಳುತ್ತಿದ್ದೆವು.

ಹೀಗೆ ಎಲ್ಲವನ್ನೂ ತಿರುಗಿಸಿ ಹಾಕಬಲ್ಲವರಿಗೆ ತಿರುಗದ ಒಂದು ವಸ್ತು ಬೇಕಾಗುತ್ತದೆ ಎಂದು ಕಾಣುತ್ತದೆ. ಅವರಿಗೆ ಅದು ಪದದ ಬೇರು. ಯಾವ ಇಂಗ್ಲಿಷ್ ಪದ ಬಂದರೂ ಕಿತ್ತಳೆ ಸುಲಿದಂತೆ ಸುಲಿದು ತೊಳೆ ಬಿಡಿಸಿ ಕೈಗಿಡುತ್ತಿದ್ದರು. "ಮನುಷ್ಯ ಸುಳ್ಳು ಹೇಳ್ತಾನೆ, ಪುಸ್ತಕ ಸುಳ್ಳು ಹೇಳುತ್ತೆ, ಪದ ಹೇಳಲ್ಲ. ಅದನ್ನ ಮೊದಲು ಆಡಿದವನು ಏನೋ ಕಂಡೇ ಆಡಿರ್ತಾನೆ."

ಡಿಸಾಸ್ಟರ್ ಎಂದರೆ ಕೆಟ್ಟ ನಕ್ಷತ್ರ ಎಂದು ಅವರು ಹೇಳಿದ ದಿನ ನಾನು ಎದ್ದು ನಿಂತೆ. "ಹಾಗಾದರೆ ಇಂಗ್ಲಿಷರ ಹಡಗು ಮುಳುಗುವುದು ನಕ್ಷತ್ರದಿಂದಲೇ ಸಾರ್?"

"ಅಲ್ಲ."

"ಮತ್ತೆ ಪದ ಸುಳ್ಳು ಹೇಳಿತಲ್ಲ."

ತರಗತಿ ನಕ್ಕಿತು. ಅವರು ನಸ್ಯ ಏರಿಸಿ, ಸೀನಿ, ಕಣ್ಣೊರೆಸಿಕೊಂಡು, "ಕೂತ್ಕೋ ತಲೆಹರಟೆ" ಅಂದರು.  ಆ ಪ್ರಶ್ನೆ ಅವರ ಒಳಕ್ಕೆ ಇಳಿಯಲೇ ಇಲ್ಲ ಎಂದು ಈಗ ಅನ್ನಿಸುತ್ತದೆ.

ಅವರಿಗೆ ಎಲ್ಲಕ್ಕಿಂತ ಪ್ರೀತಿಯ ಪದ ಮಲೇರಿಯಾ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಆ ಪದ ಬಂದದ್ದು ಆಮೇಲೆ, ಜ್ವರ ಮೊದಲು. ಬೇಸಿಗೆ ಕಳೆದು ಮಳೆ ಹಿಡಿಯುವುದರೊಳಗೆ ಎಸ್ಟೇಟ್ ಲೈನುಗಳ ಕೂಲಿಮನೆಗಳಲ್ಲಿ ಅರ್ಧ ಜನ ಕಂಬಳಿ ಹೊದ್ದು ನಡುಗುತ್ತಿದ್ದರು. ಘಟ್ಟದ ಕೆಳಗಿನಿಂದ ಹೆಣ್ಣು ಕೊಡುವವರು ಕೊಡಗೆಂದರೆ ಹಿಂಜರಿಯುತ್ತಿದ್ದರು. ಮೇಷ್ಟ್ರು ಎಲ್ಲಿಯೋ ಒಬ್ಬ ಇಟಲಿಯ ಪಾದ್ರಿಯ ಬಾಯಿಂದ ಆ ಪದವನ್ನು ಕೇಳಿಸಿಕೊಂಡು ಬಂದಿದ್ದರು. ಮಾಲ, ಕೆಟ್ಟ. ಆರಿಯ, ಗಾಳಿ. ಕೆಟ್ಟ ಗಾಳಿ. "ಇಟಲಿಯವನು ಅಂದ, ಇಂಗ್ಲಿಷಿನವನು ಅಂದ, ಜರ್ಮನಿಯವನು, ಪೋರ್ತುಗೀಸು, ರಷ್ಯದವನು, ಎಲ್ಲ ಅದೇ ಪದ. ಫ್ರೆಂಚಿನವನು ಬೇರೆ ಪದ ಇಟ್ಕೊಂಡಿದಾನೆ, ಅದಕ್ಕೆ ಜೌಗಿನ ರೋಗ ಅಂತ ಅರ್ಥ. ಅದೂ ಕೊಳೆತ ನೆಲದ ಗಾಳಿಯೇ. ಒಬ್ಬರಿಗೊಬ್ಬರು ಕಚ್ಚಾಡೋ ಜನ ಇದೊಂದರಲ್ಲಿ ಒಂದಾಗಿದಾರೆ. ಸುಮ್ಮನೆ ಒಂದಾಗ್ತಾರಾ?"

ಸೊಳ್ಳೆಯಿಂದ ಈ ಜ್ವರ ಬರುತ್ತದೆ ಎಂದು ಆಗಲೇ ಡಿಸ್ಪೆನ್ಸರಿಯ ಗೋಡೆಯ ಮೇಲೆ ಚಿತ್ರ ಬರೆದು ಅಂಟಿಸಿದ್ದರು. ನಾನು ಅದನ್ನು ಎತ್ತಿದೆ. ಪೂರ್ವಪಕ್ಷ ಉತ್ತರಪಕ್ಷ ಎಂದು ಎಷ್ಟೋ ಶುಕ್ರವಾರ ನಮ್ಮದು ಇದೇ ನಡೆಯಿತು. ನಾನು ಹೇಳುತ್ತಿದ್ದೆ: ಅಷ್ಟು ದೇಶ ಒಂದೇ ಪದ ಆಡಿದರೆ ಅಷ್ಟು ಸಾಕ್ಷಿ ಆಗುವುದಿಲ್ಲ. ಒಬ್ಬ ಆಡಿದ, ಉಳಿದವರು ಅವನ ಬಾಯಿಂದ ತೆಗೆದುಕೊಂಡರು. ಸಾಕ್ಷಿ ಒಬ್ಬನೇ, ಮಿಕ್ಕದ್ದು ಪ್ರತಿಧ್ವನಿ. ನಮ್ಮವರು ಚಳಿಜ್ವರ ಅಂದರು. ಮೊದಲು ಚಳಿ, ಆಮೇಲೆ ಜ್ವರ. ಕಂಡದ್ದನ್ನು ಹೇಳಿ ಬಾಯಿ ಮುಚ್ಚಿಕೊಂಡರು, ಕಾಣದ ಕಾರಣಕ್ಕೆ ಕೈ ಹಾಕಲಿಲ್ಲ. ಎರಡರಲ್ಲಿ ಪ್ರಾಮಾಣಿಕ ಪದ ಯಾವುದು?

"ನಿನ್ನ ಪದಕ್ಕೆ ಕಣ್ಣಿದೆ, ತಲೆ ಇಲ್ಲ" ಅಂದರು.

"ಇರಲಿ ಸಾರ್. ನಮ್ಮ ಲೈನಿನ ಮುದುಕಿಯೊಬ್ಬಳು ಗಾಳಿ ಸೋಕಿತು ಅಂತ ತಾಯಿತ ಕಟ್ಟಿದರೆ ನೀವು ಮೂಢನಂಬಿಕೆ ಅಂತೀರಿ. ಇಟಲಿಯವನು ಅದನ್ನೇ ಹೇಳಿದರೆ ವಿದ್ಯೆ ಅಂತೀರಿ."

ಅವರಿಗೆ ನೋವಾಯಿತು. ಆದರೆ ಅವರ ಹತ್ತಿರ ಒಂದು ಆಯುಧವಿತ್ತು, ಅದರ ಮುಂದೆ ನಾನು ಪ್ರತಿ ಸಲವೂ ಮೊಂಡಾಗುತ್ತಿದ್ದೆ. "ನೀನು ಸೊಳ್ಳೆ ಪಕ್ಷದವನು, ನಿನಗೆಷ್ಟು ಸಲ ಚಳಿಜ್ವರ ಬಂದಿದೆ?" ಲೆಕ್ಕವಿರಲಿಲ್ಲ. "ನಾನು ಗಾಳಿ ಪಕ್ಷದವನು. ಈ ಊರಿಗೆ ಬಂದಾಗಿನಿಂದ ನಮ್ಮನೇಲಿ ಯಾರಿಗೂ ಬಂದಿಲ್ಲ."

ಅದು ನಿಜ. ಸಂಜೆ ದೀಪ ಹಚ್ಚುವ ಮೊದಲೇ ಅವರ ಮನೆಯ ಕಿಟಕಿಗಳೆಲ್ಲ ಮುಚ್ಚುತ್ತಿದ್ದವು. ಸಂದುಗಳಿಗೆ ಅಂಟು ಹಾಕಿ ಕಾಗದ ಮೆತ್ತಿದ್ದರು. ಒಳಗೆ ಬೇವಿನ ಸೊಪ್ಪು, ಸಾಂಬ್ರಾಣಿಯ ಹೊಗೆ. ಸೊಳ್ಳೆಯನ್ನು ಹೊರಗಿಡಲು ಇದಕ್ಕಿಂತ ಒಳ್ಳೆಯ ಉಪಾಯ ಯಾವ ಡಾಕ್ಟರೂ ಹೇಳುತ್ತಿರಲಿಲ್ಲ. ತಪ್ಪು ಕಾರಣದಿಂದ ಸರಿಯಾದ ಕೆಲಸ ಮಾಡುತ್ತಿದ್ದರು. ಇಂಥವರನ್ನು ವಾದದಿಂದ ಅಲುಗಿಸುವುದು ಸಾಧ್ಯವೇ ಇಲ್ಲ, ದಿನವೂ ಬೆಳಗ್ಗೆ ಎದ್ದು ನೋಡಿದರೆ ಅವರದೇ ಗೆಲುವು.

ಅವರ ಒಬ್ಬಳೇ ಮಗಳು ಪಾರ್ವತಿ. ನನಗಿಂತ ಸ್ವಲ್ಪ ದೊಡ್ಡವಳು. ಶನಿವಾರಸಂತೆ ಕಡೆಗೆ ಕೊಟ್ಟಿದ್ದರು. ನಾನು ಓದು ಮುಗಿಸಿ ಅದೇ ಶಾಲೆಗೆ ಉಪಾಧ್ಯಾಯನಾಗಿ ಸೇರಿದ ವರ್ಷ ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮೇಷ್ಟ್ರು ಮಗಳಿಗಾಗಿ ಒಳಗಿನ ಕೋಣೆಯನ್ನು ಸಿದ್ಧ ಮಾಡಿದ ರೀತಿ ನೋಡಿ ನಾವೆಲ್ಲ ನಕ್ಕಿದ್ದೆವು. ಕಿಟಕಿಗೆ ಹೊಸ ಕಾಗದ ಮೆತ್ತಿದರು. ಆದರೆ ಬಸುರಿ ಹೆಂಗಸಿಗೆ ಹೊಗೆ ಆಗದು, ಅವಳು ಕೆಮ್ಮುತ್ತಾಳೆ. ಹಾಗಾಗಿ ಬೇವಿನ ಹೊಗೆ ನಿಲ್ಲಿಸಿದರು. ಅದಕ್ಕೆ ಬದಲು ಗಾಳಿ ಶುದ್ಧವಾಗಲಿ ಎಂದು ಅಗಲ ಬಾಯಿಯ ಹಿತ್ತಾಳೆ ಬೋಗುಣಿಗಳಲ್ಲಿ ತಿಳಿನೀರು ತುಂಬಿಸಿ, ಲಾವಂಚದ ಬೇರು ನೆನೆಹಾಕಿ ಮೂಲೆಮೂಲೆಗೆ ಇಟ್ಟರು. ನೀರು ಹಳತಾದಷ್ಟೂ ಬೇರಿನ ಸಾರ ಇಳಿಯುತ್ತದೆ ಎಂದು ಚೆಲ್ಲುತ್ತಿರಲಿಲ್ಲ, ಕಡಿಮೆಯಾದಷ್ಟನ್ನೇ ಮೇಲಿಂದ ಸುರಿಯುತ್ತಿದ್ದರು.

ಕಾಫಿ ಹೂಬಿಟ್ಟ ವಾರ ಅವಳಿಗೆ ಚಳಿ ಹಿಡಿಯಿತು. ಹೂಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗಾಗಿ, ಬಸ್ಸಿನಲ್ಲಿ ಕೂತರೂ ಮಲ್ಲಿಗೆಯಂಥ ಘಮ. ವರ್ಷದಲ್ಲಿ ಗಾಳಿ ಅಷ್ಟು ಚೆನ್ನಾಗಿರುವ ವಾರ ಮತ್ತೊಂದಿಲ್ಲ.

ನಾನು ನೋಡಲು ಹೋದಾಗ ಬೋಗುಣಿಯೊಳಗೆ ಬಗ್ಗಿ ನೋಡಿದೆ. ನೀರಿನಲ್ಲಿ ಸಣ್ಣ ಹುಳಗಳು ಕೊಂಕುತ್ತ ಮೇಲೆ ಕೆಳಗೆ ಆಡುತ್ತಿದ್ದವು. ಗೋಡೆಯ ಮೇಲೆ ಬಾಲ ಎತ್ತಿ ಕೂತ ಸೊಳ್ಳೆಗಳು, ಡಿಸ್ಪೆನ್ಸರಿ ಚಿತ್ರದಲ್ಲಿದ್ದಂತೆಯೇ. ಮುಚ್ಚಿದ ಕಿಟಕಿ ಈಗ ಅವನ್ನು ಒಳಗೇ ಇಟ್ಟುಕೊಂಡಿತ್ತು. ತೋರಿಸಿದೆ. "ನೀರುಹುಳ ಕಣಯ್ಯಾ. ಶುದ್ಧ ನೀರಲ್ಲೇ ಇರೋದು ಅವು" ಅಂದರು. ನಾನು ಒಂದು ಬೋಗುಣಿ ಎತ್ತಿ ಹಿತ್ತಲಿಗೆ ಚೆಲ್ಲಿದೆ. ಮತ್ತೆ ಬಂದಾಗ ಅದು ತುಂಬಿತ್ತು.

ಡಿಸ್ಪೆನ್ಸರಿಯ ಕಾಂಪೌಂಡರು ತಲಶ್ಶೇರಿ ಕಡೆಯವರು, ಒಳ್ಳೆಯ ಮನುಷ್ಯ. ಕ್ವಿನೈನ್ ಪೊಟ್ಟಣ ಹಿಡಿದು ತಾವೇ ಬಂದರು. "ಮಾಷೇ, ಕೊಯಿನ ಕೊಡಿ. ಡಾಕ್ಟರ್ ಹೇಳಿ ಕಳಿಸಿದ್ದು. ಸ್ವಲ್ಪ ಸ್ವಲ್ಪ ಕೊಟ್ಟರೆ ಬಸುರಿಗೆ ಏನೂ ಆಗೂದಿಲ್ಲ."

"ಕೂಸು ಇಳಿದುಹೋಗುತ್ತೆ ಅಂತಾರೆ" ಅಂದರು ಮೇಷ್ಟ್ರು.

"ಜ್ವರದಲ್ಲಿ ಹೋಗೂದಕ್ಕಿಂತ ಕೊಯಿನದಲ್ಲಿ ಹೋಗೂದು ಕಮ್ಮಿ ಮಾಷೇ."

ಮೇಷ್ಟ್ರು ಪೊಟ್ಟಣ ತೆಗೆದುಕೊಂಡು ದೇವರ ಗೂಡಿನಲ್ಲಿಟ್ಟರು. ಕೊಡಲಿಲ್ಲ. ಅವರ ಭಯ ಹುಸಿ ಎಂದು ನಾನು ಹೇಳುವುದಿಲ್ಲ. ಆ ಭಯ ಊರಿಗೆಲ್ಲ ಇತ್ತು. ಆದರೆ ಊರಿಗೆ ಭಯ ಮಾತ್ರ ಇತ್ತು, ಇವರಿಗೆ ಸಿದ್ಧಾಂತವೂ ಇತ್ತು. ಕೆಟ್ಟ ಗಾಳಿಯಿಂದ ಬಂದದ್ದು ಒಳ್ಳೆಯ ಗಾಳಿಯಿಂದ ಹೋಗಬೇಕು ಎಂದು. ಹೆಂಡತಿ ಒಂದು ದಿನ ಇವರಿಲ್ಲದಾಗ ಮಾತ್ರೆ ತೇದು ಜೇನಿನಲ್ಲಿ ಕಲಸಿ ಮಗಳ ಮುಂದೆ ಹಿಡಿದರಂತೆ. ಪಾರ್ವತಿ ಮುಖ ತಿರುಗಿಸಿದಳಂತೆ. "ಅಪ್ಪಯ್ಯನ ಕೈಯಿಂದ ಕೊಟ್ರೆ ತಗೋತೀನಿ ಅವ್ವ. ಕದ್ದು ತಗೊಂಡು ಕೂಸಿಗೇನಾದ್ರೂ ಆದ್ರೆ ಅವರ ಮುಖ ಹ್ಯಾಗ್ ನೋಡ್ಲಿ?"

ಈ ಜ್ವರದ ಮೋಸವೆಂದರೆ ಅದು ಒಂದು ದಿನ ಬಿಟ್ಟು ಒಂದು ದಿನ ಬರುತ್ತದೆ. ಬಿಟ್ಟ ದಿನ ಮನೆಯವರೆಲ್ಲ ವಾಸಿಯಾಯಿತು ಎಂದುಕೊಳ್ಳುತ್ತಾರೆ. ಅಂಥ ಒಂದು ಬಿಟ್ಟ ದಿನ, ಭಾನುವಾರ ಮಧ್ಯಾಹ್ನ, ನಾನು ಜಗಲಿಯಲ್ಲಿ ಕೂತು ಅವರನ್ನು ಹಿಡಿದೆ. ಪಾರ್ವತಿ ಬಾಗಿಲ ಒಳಗಡೆ ಗೋಡೆಗೊರಗಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಮುಖ ಮೇಣದ ಬಣ್ಣಕ್ಕೆ ತಿರುಗಿತ್ತು. ಅವಳ ತಾಯಿ ಪಕ್ಕದಲ್ಲಿದ್ದರು.

ನನಗೆ ಬಂದದ್ದೆಲ್ಲ ಹೇಳಿದೆ. ಕಿಟಕಿ, ಹೊಗೆ, ಬೋಗುಣಿ, ಹುಳ. ಹೊಗೆ ಇದ್ದಷ್ಟು ದಿನ ಜ್ವರವಿಲ್ಲ, ಹೊಗೆ ನಿಂತ ಮೇಲೆ ಜ್ವರ. ನಡುವೆ ಬದಲಾದದ್ದು ಗಾಳಿಯಲ್ಲ. ಅವರು ಕೇಳಿಸಿಕೊಂಡರು. ಒಂದೆರಡು ಕಡೆ ತಲೆಯಾಡಿಸಿದರು. ಆಮೇಲೆ ಕೋಟಿನ ಜೇಬಿನಿಂದ ಡಬ್ಬಿ ತೆಗೆದು, ನನ್ನ ಮುಂದೆ ಕುಟ್ಟಲಿಲ್ಲ, ತಮ್ಮ ಮಂಡಿಯ ಮೇಲೆಯೇ ಕುಟ್ಟಿಕೊಂಡರು.

"ನಿನ್ನ ಪಕ್ಷಾನ ನೀನು ಸರಿಯಾಗಿ ಆಡ್ಲಿಲ್ಲ. ಕೊಡು ಇಲ್ಲಿ" ಎಂದು ಶುರು ಮಾಡಿದರು.

ನಾನು ಅಂಥ ಮಾತು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಸೊಳ್ಳೆಯ ಪಕ್ಷವನ್ನು ಅವರು ನನ್ನ ಕೈಯಿಂದ ಇಸಿದುಕೊಂಡು ಬೆಟ್ಟದ ಮೇಲೆ ನಿಲ್ಲಿಸಿದರು. ಪಾಲಿಬೆಟ್ಟದ ದೊರೆಗಳು ಕೊಳ್ಳದ ಲೈನುಗಳನ್ನು ದಿಬ್ಬಕ್ಕೆ ಎತ್ತಿಸಿದ ಮೇಲೂ ನೀರಿನ ತೊಟ್ಟಿ ಹತ್ತಿರವಿದ್ದ ಲೈನಿನಲ್ಲೇ ಜ್ವರ ಉಳಿದದ್ದೇಕೆ? ಗಾಳಿ ದಿಬ್ಬದಲ್ಲಿ ಒಂದೇ ಅಲ್ಲವೇ? ನೆಲ್ಯಹುದಿಕೇರಿಯಲ್ಲಿ ಹೊಳೆ ತುಂಬಿ ಕೆಂಪಗೆ ಹರಿಯುವಾಗ ಜ್ವರ ಕಮ್ಮಿ, ಬೇಸಿಗೆಯಲ್ಲಿ ಬಂಡೆಯ ಗುಂಡಿಗಳಲ್ಲಿ ತಿಳಿನೀರು ನಿಂತಾಗ ಹೆಚ್ಚು. ಕೊಳೆತದ್ದರಿಂದ ಬರುವುದಾದರೆ ತಿರುಗುಮುರುಗಾಗಬೇಕಿತ್ತಲ್ಲ? ಇನ್ನು ಕ್ವಿನೈನು. ಅದು ಗರ್ಭ ಇಳಿಸುತ್ತದೆ ಎನ್ನುವವರು ಜ್ವರದಲ್ಲೇ ಇಳಿದುಹೋದ ಗರ್ಭಗಳನ್ನೂ ಕ್ವಿನೈನಿನ ಲೆಕ್ಕಕ್ಕೆ ಬರೆಯುತ್ತಾರೆ, ಏಕೆಂದರೆ ಮಾತ್ರೆ ಕೊಡುವುದೇ ಕೈಮೀರಿದ ಮೇಲೆ. ತಡವಾಗಿ ಕೊಟ್ಟವರ ತಪ್ಪನ್ನು ಮಾತ್ರೆ ಹೊರುತ್ತಿದೆ. ಹಾಗೆಂದು ನಿಲ್ಲಿಸಿ, ದನಿ ತಗ್ಗಿಸಿ, ಒಂದು ಕೋಣೆಯಲ್ಲಿ ಒಬ್ಬ ತಂದೆ ಇದ್ದಾನೆ, ಅವನಿಗೆ ಮಗಳಿಗಿಂತ ಪದ ಹೆಚ್ಚಾಗಿದೆ ಎಂದರು.

 ಒಳಗೆ ಹುರುಳಿಕಾಯಿಯ ಸದ್ದು ನಿಂತಿತ್ತು.

"ಅಪ್ಪಯ್ಯ" ಎಂದಳು ಪಾರ್ವತಿ. "ಹಾಗಾದ್ರೆ ಕೊಡ್ತೀರಾ? ತಗೊಂಡುಬಿಡ್ತೀನಿ."

ಮೇಷ್ಟ್ರು ಅವಳ ಕಡೆ ತಿರುಗಿ ನಕ್ಕರು. ಕೆಟ್ಟ ನಗುವಲ್ಲ. ಮಗು ನಾಟಕದ ರಾಕ್ಷಸನನ್ನು ನಿಜವೆಂದುಕೊಂಡಾಗ ದೊಡ್ಡವರು ನಗುವಂಥದ್ದು.

"ಅದು ವಾದ ಮಗಳೇ."

"ನೀವು ಹೇಳಿದ್ದು ನಿಜ ಅಲ್ವಾ?"

"ನೋಡು, ಅಷ್ಟು ಚೆನ್ನಾಗಿ ವಾದಿಸೋಕೆ ಬರುತ್ತಲ್ಲ, ಅದಕ್ಕೇ ಅದನ್ನ ನಂಬಬಾರದು. ನಾಳೆ ಬಾ, ಇದರ ಎದುರಿಂದ ಇಷ್ಟೇ ಚೆನ್ನಾಗಿ ಆಡಿ ತೋರಿಸ್ತೀನಿ. ವಾದಕ್ಕೆ ಎರಡು ಕಡೆ. ಪದ ಹಾಗಲ್ಲ, ಅದು ಕೂತ ಕಡೆ ಕೂತಿರುತ್ತೆ."

ಅವಳು ಹುರುಳಿಕಾಯಿಗಳನ್ನು ಮೊರಕ್ಕೆ ಹಾಕಿದಳು. ಮೊರ ಎತ್ತಿಕೊಂಡು ಒಳಗೆ ಹೋದಳು. ತಾಯಿ ಅಲ್ಲೇ ನಿಂತು ಗಂಡನನ್ನು ನೋಡಿದರು. "ಇಷ್ಟು ಹೊತ್ತು ಬಾಯಿ ನೋಯಿಸ್ಕೊಂಡ್ರಲ್ಲ, ಯಾತಕ್ಕೆ?" ಅಂದರು. ಅದಕ್ಕೆ ಮೇಷ್ಟ್ರು, "ಹುಡುಗ ತಪ್ಪು ಆಡ್ತಿದ್ದ" ಎಂದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಅದೇ ವಾರ ಜ್ವರ ತಲೆಗೇರಿತು. ಅವಳಿಗೆ ಸೆಳವು ಬಂತು, ಗುರುತು ತಪ್ಪಿತು. ಮೇಷ್ಟ್ರು ದೇವರ ಗೂಡಿನಿಂದ ಪೊಟ್ಟಣ ತೆಗೆದು, ಮಾತ್ರೆಗಳನ್ನು ನೀರಿನಲ್ಲಿ ಕದಡಿ, ಕಚ್ಚಿದ ಹಲ್ಲುಗಳ ನಡುವೆ ಚಮಚ ತೂರಿಸಲು ನೋಡಿದರು. ಹೊರಗೆ ಹರಿದುಹೋಯಿತು. ಕೋಟಿಲ್ಲದೆ, ಚಪ್ಪಲಿಯಿಲ್ಲದೆ ಡಿಸ್ಪೆನ್ಸರಿಗೆ ಓಡಿದರು. ಡಾಕ್ಟರು ವಿರಾಜಪೇಟೆಗೆ ಹೋಗಿದ್ದರು. ಕಾಂಪೌಂಡರು ಬಂದು ಕೈ ಹಿಡಿದು ನೋಡಿ ಮುಖ ತಗ್ಗಿಸಿದರು. ಪಾರ್ವತಿ, ಹೊಟ್ಟೆಯ ಕೂಸು ಇಬ್ಬರೂ ಹೋದರು. ಅವಳ ಗಂಡ ಶನಿವಾರಸಂತೆಯಿಂದ ಬಂದಾಗ ಅವನಿಗೆ ಹೇಳುವವರು ಯಾರು ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಷ್ಟ್ರೇ ಎದ್ದು ಹೋಗಿ ಹೇಳಿದರು. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದರು.

ಆಮೇಲೆ ಅವರು ಶಾಲೆಗೆ ಬಂದರು. ಪೆನ್ಷನ್ನಿಗೆ ಇನ್ನೂ ಎರಡು ವರ್ಷವಿತ್ತು. ನಾನು ಕಾದಿದ್ದೆ. ಒಂದೋ ಅವರು ತಮ್ಮ ತಪ್ಪು ಒಪ್ಪಿಕೊಂಡು ಸೊಳ್ಳೆಯ ಪ್ರಚಾರಕ್ಕೆ ಇಳಿಯುತ್ತಾರೆ, ಇಲ್ಲವೇ ಗಾಳಿಯ ಪಕ್ಷವನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಾರೆ. ಎರಡಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ಎಲ್ಲವನ್ನೂ ಒಪ್ಪತೊಡಗಿದರು.

ಹೆಡ್ಮಾಸ್ಟರು ಚರ್ಚಾಕೂಟ ನಿಲ್ಲಿಸೋಣವೇ ಎಂದರೆ, ಆಗಲಿ. ಮುಂದುವರಿಸೋಣವೇ ಎಂದರೆ, ಆಗಲಿ. ಒಬ್ಬ ವಿದ್ಯಾರ್ಥಿ ತಪ್ಪು ವಾಕ್ಯ ಬರೆದು ಸರಿಯೇ ಸಾರ್ ಎಂದರೆ, ಸರಿ. ಹುಡುಗರು ಮೊದಲು ತಮಾಷೆ ಎಂದುಕೊಂಡರು. ಬೇಕೆಂದೇ ಹುಚ್ಚುಚ್ಚಾಗಿ ಹೇಳಿ ಅವರಿಂದ ಹೌದೆನ್ನಿಸಿ ನಗುತ್ತಿದ್ದರು. ಕೆಲವು ವಾರದಲ್ಲಿ ಅದೂ ಸಪ್ಪೆಯಾಯಿತು. ಯಾರೂ ಏನೂ ಕೇಳದ ಮೇಷ್ಟ್ರಾಗಿ ಅವರು ನಿವೃತ್ತರಾದರು. ಹೆಂಡತಿ ಅದಕ್ಕೂ ಮೊದಲೇ ತಮ್ಮನ ಮನೆಗೆ ಹೋಗಿ, ಮರಳಿ ಬಂದಿರಲಿಲ್ಲ.

ಕಳೆದ ವರ್ಷ ಅವರ ಊರಿಗೆ ಹೋಗಿದ್ದೆ. ಅಣ್ಣನ ಮಕ್ಕಳ ಮನೆಯ ಹೊರಕೋಣೆಯಲ್ಲಿ ಇದ್ದರು. ಏಲಕ್ಕಿ ಒಣಹಾಕಿದ ಚಾಪೆಯ ಪಕ್ಕ ಕೂತಿದ್ದರು. ನನ್ನ ಗುರುತು ಹಿಡಿದರು, ಅಪ್ಪನ ಆರೋಗ್ಯ ಕೇಳಿದರು. ನಾನಾಡಿದ್ದಕ್ಕೆಲ್ಲ ಅವರು ಹೂಂಗುಟ್ಟುತ್ತಿದ್ದದ್ದು ನನಗೆ ತಡೆಯಲಾಗಲಿಲ್ಲ. ಅವರು ಒಮ್ಮೆ ಸಿಟ್ಟಾಗಲಿ, ತಲೆಹರಟೆ ಎನ್ನಲಿ ಎಂದು ಬಲೆ ಒಡ್ಡಿದೆ.

"ಮೇಷ್ಟ್ರೇ, ಯೋಚನೆ ಮಾಡಿದೆ. ನೀವು ಹೇಳುತ್ತಿದ್ದದ್ದೇ ಸರಿ. ಪದದ ಬೇರಿನಲ್ಲೇ ನಿಜ ಇರುವುದು."

"ಹೌದಾ? ನೀನು ಹೇಳಿದ ಮೇಲೆ ಇರಬೇಕು."

"ಇಲ್ಲ ಮೇಷ್ಟ್ರೇ. ಸುಮ್ಮನೆ ಅಂದೆ. ಅದು ಶುದ್ಧ ತಪ್ಪು."

"ಹಾಗಿದ್ರೆ ತಪ್ಪು."

ಒಳಗಿನಿಂದ ಯಾರೋ ಕಾಫಿ ತಂದಿಟ್ಟು ಹೋದರು. ಅವರು ಲೋಟ ಮುಟ್ಟಲಿಲ್ಲ. ನಾನು ಹೊರಡಲು ಎದ್ದಾಗ, ತಾವಾಗಿಯೇ ಬಾಯಿಬಿಟ್ಟರು.

"ಅವತ್ತು ಜಗಲೀಲಿ ನಾನು ನಿನ್ನ ಪಕ್ಷ ಚೆನ್ನಾಗಿ ಆಡಿದೆ, ಅಲ್ವೇನಯ್ಯಾ?"

"ನನಗಿಂತ ಬಹಳ ಚೆನ್ನಾಗಿ ಮೇಷ್ಟ್ರೇ."

"ಅವಳು ಒಪ್ಕೊಂಡಿದ್ಲು" ಅಂದರು. "ಅವಳ ತಾಯಿನೂ ಒಪ್ಕೊಂಡಿದ್ಲು. ಆ ಮನೇಲಿ ನಾನೊಬ್ಬನೇ ಒಪ್ಪಿರ್ಲಿಲ್ಲ."